ನೆಲಮಾಳಿಗೆಯ ಕಲ್ನಾರು

ಸುಮ್ಮನಿರಲಾರದವನು ಮೈಮೇಲೆ ಇರುವೆ ಬಿಟ್ಟುಕೊಂಡನೆಂಬ ಗಾದೆಯನ್ನು ನಮ್ಮ ವಾಚಕರೆಲ್ಲರೂ ಬಲ್ಲರು. ಆ ಗಾದೆಯು ನಮ್ಮನ್ನೇ ಕುರಿತು ಹುಟ್ಟಿತೋ ಎಂಬಂತೆ ನಾವು ಒಮ್ಮೆ ನಡೆದುಕೊಂಡೆವು. ಅದನ್ನು ಹೇಳಿಕೊಳ್ಳುವುದರಲ್ಲಿ ನಮಗೆ ಹೆಮ್ಮೆಯೇನೂ ಇಲ್ಲ. ಆದರೂ ಒಬ್ಬ ಗೃಹಸ್ಥನ ತಪ್ಪು ಹತ್ತು ಮನೆಗಳಿಗೆ ಎಚ್ಚರಿಕೆಯಾಗುವುದಾದರೆ ಅದನ್ನು ಬಚ್ಚಿಡುವುದು ತರವಲ್ಲವೆಂದು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ನಾವು ಮೈಸೂರಿನ ಕಡೆಯವರು. ಉದ್ಯೋಗನಿಮಿತ್ತವಾಗಿ ಅಮೆರಿಕದ ಪೆನ್ಸಿಲ್ವೇನಿಯ ಪ್ರಾಂತದಲ್ಲಿ, ಫಿಲಡೆಲ್ಫಿಯ ನಗರದ ಸಮೀಪದಲ್ಲಿ ನೆಲಸಿದ್ದೇವೆ. 2016ರಲ್ಲಿ ಅಲ್ಲಿ ಒಂದು ಹಳೆಯ ಮನೆಯನ್ನು ಕೊಂಡೆವು. ಅದು 1920ರ ದಶಕದಲ್ಲಿ ಕಟ್ಟಿದ ಕಲ್ಲಿನ ಮನೆ. ಗೋಡೆ ದಪ್ಪ, ಮರಮುಟ್ಟು ಗಟ್ಟಿ, ಕೊಂಡವರಿಗೆ ತೃಪ್ತಿ.

ಆ ದೇಶದಲ್ಲಿ ಚಳಿಗಾಲವೆಂದರೆ ನಮ್ಮ ಮಾಗಿಯ ಚಳಿಯಲ್ಲ. ಮನೆಯನ್ನು ಕಾಯಿಸದಿದ್ದರೆ ಕೊಡದ ನೀರು ಕಲ್ಲಾಗುತ್ತದೆ. ಅದಕ್ಕಾಗಿ ಹಳೆಯ ಮನೆಗಳ ನೆಲಮಾಳಿಗೆಯಲ್ಲಿ ಒಂದು ಬಾಯ್ಲರು ಇರುತ್ತದೆ. ಅದರಲ್ಲಿ ನೀರು ಕುದಿದು ಹಬೆಯಾಗಿ, ಕಬ್ಬಿಣದ ಕೊಳವೆಗಳಲ್ಲಿ ಮೇಲೇರಿ, ಕೋಣೆಕೋಣೆಯಲ್ಲಿಟ್ಟಿರುವ ಎರಕದ ಕಬ್ಬಿಣದ ರೇಡಿಯೇಟರುಗಳನ್ನು ಕಾಯಿಸುತ್ತದೆ. ಅಲ್ಲಿ ತಣಿದು ನೀರಾಗಿ, ಬಂದ ದಾರಿಯಲ್ಲೇ ಇಳಿದು, ಮತ್ತೆ ಬಾಯ್ಲರನ್ನು ಸೇರುತ್ತದೆ. ನಮ್ಮ ಬಚ್ಚಲುಮನೆಯ ಹಂಡೆಯೇ ಬೆಳೆದು ದೊಡ್ಡದಾಗಿ ಮನೆಯನ್ನೆಲ್ಲ ಕಾಯಿಸಲು ಹೊರಟಿತೆಂದು ವಾಚಕರು ಭಾವಿಸಿಕೊಳ್ಳಬಹುದು. ಕೊಳವೆಯು ಬರಿಯ ಕಬ್ಬಿಣವಾಗಿದ್ದರೆ ಹಬೆಯು ದಾರಿಯಲ್ಲೇ ತಣಿದು ನೀರಾಗುತ್ತದೆ. ಉರುವಲು ದಂಡ, ದೂರದ ಕೋಣೆಗಳಿಗೆ ಶಾಖವಿಲ್ಲ. ಆದುದರಿಂದ ಕೊಳವೆಗಳಿಗೆ ದಪ್ಪನೆಯ ಹೊದಿಕೆಯನ್ನು ಸುತ್ತಿರುತ್ತಾರೆ.

ನಮ್ಮ ನೆಲಮಾಳಿಗೆಯಲ್ಲಿಯೂ ಅಂಥ ಹೊದಿಕೆಯಿತ್ತು. ಬೂದುಬಿಳುಪಿನ ಬಣ್ಣ, ಮೇಲೆ ಸುಣ್ಣ ಹಚ್ಚಿದಂಥ ದಪ್ಪ ಬಟ್ಟೆ, ಒಳಗೆ ಮಡಿಕೆಮಡಿಕೆಯಾದ ಕಾಗದದ ಪದರಗಳು, ಮೊಳಕೈಯಂತೆ ತಿರುಗುವ ಸಂದುಗಳಲ್ಲಿ ಮೆತ್ತಿದ ಗಾರೆ. ಸುಮಾರು ನಲವತ್ತು ಅಡಿ ಉದ್ದ. ಎರಡು ಮೂರು ಕಡೆಗಳಲ್ಲಿ ಬಟ್ಟೆ ಹರಿದು ಜೋಲಾಡುತ್ತಿತ್ತು. ಎರಡು ವರ್ಷಗಳ ಕಾಲ ಅದನ್ನು ದಿನವೂ ನೋಡಿದರೂ ನಾವು ಅದರ ಗೋಜಿಗೆ ಹೋಗಿರಲಿಲ್ಲ.

2018ರ ಅಕ್ಟೋಬರಿನಲ್ಲಿ ನಮ್ಮ ಗೃಹಿಣಿಯು ಏಳು ತಿಂಗಳ ಗರ್ಭಿಣಿಯಾಗಿದ್ದಳು. ಮೊದಲನೆಯ ಮಗುವಿಗೆ ನಾಲ್ಕು ವರ್ಷ. ಬಾಣಂತನಕ್ಕಾಗಿ ನಮ್ಮ ಅತ್ತೆಯವರು ಮೈಸೂರಿನಿಂದ ಬರುವವರಿದ್ದರು. ಚಳಿಗಾಲದಲ್ಲಿ ಹಸುಗೂಸಿನ ಬಟ್ಟೆಗಳನ್ನು ಒಣಗಿಸಲು ಬಾಯ್ಲರಿನ ಬಳಿಯ ಬೆಚ್ಚನೆಯ ಜಾಗಕ್ಕಿಂತ ಉತ್ತಮವಾದುದಿಲ್ಲ. ಆದರೆ ಆ ಜೋಲುವ ಚಿಂದಿಯ ಕೆಳಗೆ ಮಗುವಿನ ಬಟ್ಟೆ ಹರವುವುದೆ? ಅತ್ತೆಯವರು ಬಂದು ನೋಡಿದರೆ ಏನೆಂದುಕೊಂಡಾರು? ಹೀಗೆಂದು ಯೋಚಿಸಿ, ಒಂದು ಶನಿವಾರ, ಮನೆಯಾಕೆಯೂ ಮಗುವೂ ಅಂಗಡಿಗೆ ಹೋಗಿದ್ದಾಗ, ಒಂದು ಚಾಕುವನ್ನೂ ಪೊರಕೆಯನ್ನೂ ಹಿಡಿದು ನೆಲಮಾಳಿಗೆಗೆ ಇಳಿದೆವು. ಬಂದವರನ್ನು ಬೆರಗುಗೊಳಿಸಬೇಕೆಂಬ ಸಂತೋಷ ನಮಗೆ.

ಕೆಲಸ ಬಹು ಸುಲಭವಾಗಿ ಸಾಗಿತು. ಚಾಕುವಿನಿಂದ ಸೀಳಿ ಎಳೆದರೆ ಮೊಳದುದ್ದದ ತುಂಡು ಒಣ ಅಡಕೆಪಟ್ಟೆಯಂತೆ ಕಳಚಿ ಬರುತ್ತಿತ್ತು. ಕಾಲು ಗಂಟೆಯಲ್ಲಿ ಆರಡಿ ಕೊಳವೆ ಬತ್ತಲಾಯಿತು. ಕಿಟಕಿಯಿಂದ ಬಿದ್ದ ಬಿಸಿಲಿನ ಕೋಲಿನಲ್ಲಿ ಧೂಳು ಮಿನುಗುತ್ತಿತ್ತು. ನೆಲವನ್ನು ಪೊರಕೆಯಿಂದ ಗುಡಿಸಿ, ಚೂರುಗಳನ್ನು ಒಂದು ರಟ್ಟಿನ ಪೆಟ್ಟಿಗೆಗೆ ತುಂಬಿದೆವು. ಅಷ್ಟರಲ್ಲಿ ಮೇಲೆ ಬಾಗಿಲು ತೆರೆದ ಸದ್ದಾಯಿತು. ಮೆಟ್ಟಿಲು ಹತ್ತಿ ಹೋಗುವಷ್ಟರಲ್ಲಿ ಮಗು ಓಡಿಬಂದು ನಮ್ಮ ಮೊಳಕಾಲನ್ನು ತಬ್ಬಿಕೊಂಡಿತು. “ಇದೇನು, ಹಿಟ್ಟಿನ ಗಿರಣಿಯಿಂದ ಬಂದವರ ಹಾಗಿದ್ದೀರಿ!” ಎಂದು ಮನೆಯಾಕೆ ನಕ್ಕಳು. ನಾವೂ ನಕ್ಕೆವು. ಅಂಗಿಯನ್ನು ಬಿಚ್ಚಿ ಒಗೆಯುವ ಬಟ್ಟೆಗಳ ಬುಟ್ಟಿಗೆ ಹಾಕಿ, ಬೇರೊಂದನ್ನು ತೊಟ್ಟು, ಪೆಟ್ಟಿಗೆಯನ್ನು ಹೊತ್ತು ಹಿತ್ತಿಲಿನ ಕಸದ ತೊಟ್ಟಿಯ ಕಡೆಗೆ ಹೊರಟೆವು.

ನಮ್ಮ ನೆರೆಮನೆಯಲ್ಲಿ ಒಬ್ಬ ವೃದ್ಧರಿದ್ದರು. ವಯಸ್ಸು ಎಂಬತ್ತು. ಮೂಗಿಗೆ ಪ್ರಾಣವಾಯುವಿನ ನಳಿಗೆಯನ್ನು ಹಾಕಿಕೊಂಡು, ಮಧ್ಯಾಹ್ನದ ಹೊತ್ತು ಜಗುಲಿಯಲ್ಲಿ ಕುಳಿತಿರುವುದು ಅವರ ವಾಡಿಕೆ. ನಮ್ಮ ಪೆಟ್ಟಿಗೆಯಿಂದ ಇಣುಕುತ್ತಿದ್ದ ತುಂಡೊಂದನ್ನು ಅವರು ಬೇಲಿಯಾಚೆಯಿಂದಲೇ ಕಂಡರು. ಅಷ್ಟು ದಿನ ಕುರ್ಚಿ ಬಿಟ್ಟು ಏಳಲು ಕಷ್ಟಪಡುತ್ತಿದ್ದವರು ಎದ್ದು ನಿಂತು, “ಅಲ್ಲೇ ನಿಲ್ಲಿ! ಅದನ್ನು ಕೆಳಗಿಡಿ, ಮೆಲ್ಲಗೆ ಇಡಿ” ಎಂದರು. ನಾವು ಇಟ್ಟೆವು. ಅವರು ಉಸಿರು ತಿರುಗಿಸಿಕೊಂಡು ಹೇಳಿದ ಮಾತುಗಳನ್ನು ನಾವು ಎಂದಿಗೂ ಮರೆಯಲಾರೆವು.

ಅವರು ಯೌವನದಲ್ಲಿ ಹಡಗು ಕಟ್ಟುವ ಕಾರ್ಖಾನೆಯಲ್ಲಿ ಕೊಳವೆಗಳಿಗೆ ಹೊದಿಕೆ ಹೊದಿಸುವ ಕೆಲಸದಲ್ಲಿದ್ದರಂತೆ. ನಮ್ಮ ಕೈಯಲ್ಲಿದ್ದದ್ದು ಆಸ್‌ಬೆಸ್ಟಾಸ್. ಅವರ ಶ್ವಾಸಕೋಶಗಳು ಗಟ್ಟಿಯಾದದ್ದು ಅದರಿಂದಲೇ. “ನನ್ನದಿರಲಿ, ನಾನು ಅದರಿಂದ ಸಂಬಳ ತಿಂದೆ. ನನ್ನ ಹೆಂಡತಿ ಕಾರ್ಖಾನೆಯ ಒಳಗೆ ಕಾಲಿಟ್ಟವಳಲ್ಲ. ಪ್ರತಿದಿನ ಸಂಜೆ ನನ್ನ ಕೆಲಸದ ಬಟ್ಟೆಯನ್ನು ಕೊಡವಿ ಒಗೆಯುತ್ತಿದ್ದಳು, ಅಷ್ಟೆ. ಅವಳು ಅದೇ ಧೂಳಿನ ರೋಗದಿಂದ ನನಗಿಂತ ಮೊದಲು ಹೋದಳು” ಎಂದರು.

ಬಟ್ಟೆಯೆಂಬ ಮಾತು ಕಿವಿಗೆ ಬಿದ್ದೊಡನೆಯೇ ಬುಟ್ಟಿಯಲ್ಲಿದ್ದ ಅಂಗಿಯ ನೆನಪಾಯಿತು. ನಾವು ಮನೆಯೊಳಕ್ಕೆ ಓಡಿದೆವು. ಗೃಹಿಣಿಯು ಒಗೆಯುವ ಯಂತ್ರದ ಮುಂದೆ ನಿಂತು, ಆ ಅಂಗಿಯನ್ನು ಹೆಗಲಿನ ಎರಡು ಕಡೆಯಲ್ಲಿ ಹಿಡಿದುಕೊಂಡು, ಇನ್ನೇನು ಕೊಡವಬೇಕು ಎಂದಿದ್ದಳು. “ಕೊಡವಬೇಡ!” ಎಂದು ನಾವು ಕೂಗಿದ ದನಿಗೆ ಮಗು ಬೆದರಿ ಅತ್ತಿತು. ಅವಳನ್ನೂ ಮಗುವನ್ನೂ ಹೊರಗೆ ಕಳುಹಿಸಿ, ಅಂಗಿಯ ಮೇಲೆ ನೀರು ಚಿಮುಕಿಸಿ, ಎರಡು ಚೀಲಗಳಲ್ಲಿ ಒಂದರೊಳಗೊಂದನ್ನಿಟ್ಟು ಕಟ್ಟಿದೆವು. ಆಗ ನಮ್ಮ ಕೈಗಳು ನಡುಗುತ್ತಿದ್ದವು.

ಆ ರಾತ್ರಿ ನಿದ್ರೆ ಬರಲಿಲ್ಲ. ಈ ವಸ್ತುವೇನೆಂಬುದನ್ನು ಓದಿ ತಿಳಿಯುತ್ತ ಕುಳಿತೆವು. ಕನ್ನಡದಲ್ಲಿ ಇದಕ್ಕೆ ಕಲ್ನಾರು ಎಂಬ ಚೆಲುವಾದ ಹೆಸರಿದೆ. ಹೆಸರಿಗೆ ತಕ್ಕಂತೆ ಇದು ಕಲ್ಲು. ಆದರೆ ನಾರಿನಂತೆ ಎಳೆಎಳೆಯಾಗಿ ಬಿಡಿಸಿಕೊಳ್ಳುವ ಕಲ್ಲು. ಬೆಂಕಿ ಇದನ್ನು ಸುಡಲಾರದು. ಶಾಖ ಇದನ್ನು ದಾಟಲು ಒದ್ದಾಡುತ್ತದೆ. ಇಂಥ ಗುಣಗಳುಳ್ಳ ಅಗ್ಗದ ಪದಾರ್ಥವನ್ನು ಜನರು ವರವೆಂದು ಭಾವಿಸಿದುದರಲ್ಲಿ ಆಶ್ಚರ್ಯವಿಲ್ಲ. ಕೇಡಿರುವುದು ಅದರ ಎಳೆಯ ಸೂಕ್ಷ್ಮತೆಯಲ್ಲಿ. ಹೊದಿಕೆಯನ್ನು ಮುರಿದಾಗ ಏಳುವ ಎಳೆಗಳು ಕಣ್ಣಿಗೆ ಕಾಣದಷ್ಟು ಸಣ್ಣವು. ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತವೆ. ಉಸಿರಿನೊಡನೆ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಅಲ್ಲಿ ಸೇರಿದ ಕಲ್ಲನ್ನು ಕರಗಿಸುವ ಶಕ್ತಿ ದೇಹಕ್ಕಿಲ್ಲ. ಬಿಸಿಲಕೋಲಿನಲ್ಲಿ ನಾವು ಕಂಡ ಧೂಳು ಒರಟು ಧೂಳು. ಅಪಾಯದ ಧೂಳನ್ನು ನಾವು ಕಾಣಲೇ ಇಲ್ಲ.

ಇದರ ಪರಿಣಾಮವು ಕೂಡಲೆ ತೋರುವುದಿಲ್ಲ. ಇಪ್ಪತ್ತು, ಮೂವತ್ತು, ನಲವತ್ತು ವರ್ಷಗಳ ಮೇಲೆ ಶ್ವಾಸಕೋಶ ಗಟ್ಟಿಯಾಗುವುದು, ಇಲ್ಲವೆ ಏಡಿಗಂತಿ ಹುಟ್ಟುವುದು. 1924ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಊರಿನಲ್ಲಿ ಕಲ್ನಾರಿನ ಗಿರಣಿಯಲ್ಲಿ ದುಡಿದಿದ್ದ ನೆಲ್ಲಿ ಕರ್ಷಾ ಎಂಬ ಹೆಂಗಸು 33ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಅವಳ ಶ್ವಾಸಕೋಶವನ್ನು ಪರೀಕ್ಷಿಸಿದ ಡಾಕ್ಟರ್ ಕುಕ್ ಎಂಬವರು ಅದರಲ್ಲಿದ್ದ ಕಲ್ಲಿನ ಚೂರುಗಳ ವಿಚಾರವನ್ನು ವೈದ್ಯಪತ್ರಿಕೆಯಲ್ಲಿ ಬರೆದರು. 1964ರಲ್ಲಿ ನ್ಯೂಯಾರ್ಕಿನ ಡಾಕ್ಟರ್ ಸೆಲಿಕಾಫ್ ಅವರು, ನಮ್ಮ ನೆರೆಯವರಂತೆ ಹೊದಿಕೆ ಹೊದಿಸುವ ಕೆಲಸಗಾರರಲ್ಲಿ ಈ ರೋಗಗಳು ಎಷ್ಟು ಹೆಚ್ಚೆಂಬುದನ್ನು ತೋರಿಸಿಕೊಟ್ಟರು. 1965ರಲ್ಲಿ ಲಂಡನ್ನಿನ ಸಂಶೋಧಕರಿಬ್ಬರು ಎದೆಯ ಪೊರೆಯ ಏಡಿಗಂತಿಯುಳ್ಳ ರೋಗಿಗಳ ಜೀವನವನ್ನು ವಿಚಾರಿಸಿದಾಗ, ಅವರಲ್ಲಿ ಕೆಲವರು ಕಲ್ನಾರನ್ನು ಮುಟ್ಟಿಯೇ ಇರಲಿಲ್ಲವೆಂದೂ ಮನೆಯವರ ಕೆಲಸದ ಬಟ್ಟೆಯ ಧೂಳೇ ಅವರನ್ನು ಹಿಡಿಯಿತೆಂದೂ ತಿಳಿದುಬಂತು. ಆ ಸಾಲುಗಳನ್ನು ಓದಿದಾಗ ನಮ್ಮ ಕಣ್ಣಿನ ಮುಂದೆ ಇದ್ದದ್ದು ಲಂಡನ್ನಲ್ಲ. ಅಂಗಿಯನ್ನು ಹೆಗಲುಗಳಲ್ಲಿ ಹಿಡಿದು ನಿಂತಿದ್ದ ಗರ್ಭಿಣಿ.

ಅಮೆರಿಕದ ಸರ್ಕಾರವು 1975ರಲ್ಲಿ ಕೊಳವೆಗಳಿಗೆ ಇಂಥ ಹೊದಿಕೆಯನ್ನು ಹೊಸದಾಗಿ ಹಾಕುವುದನ್ನು ನಿಷೇಧಿಸಿತು. ಅದಕ್ಕೆ ಮೊದಲು ಹೊದಿಸಿದ್ದು ಮಾತ್ರ ಮನೆಮನೆಯ ನೆಲಮಾಳಿಗೆಯಲ್ಲಿ ಇದ್ದಂತೆಯೇ ಉಳಿಯಿತು. ನಮ್ಮ ಮನೆಯಿಂದ ಮೋಟಾರಿನಲ್ಲಿ ಅರ್ಧ ಗಂಟೆಯ ದಾರಿಯಲ್ಲಿ ಆಂಬ್ಲರ್ ಎಂಬ ಊರಿದೆ. ಒಂದು ಕಾಲಕ್ಕೆ ಕಲ್ನಾರಿನ ಪದಾರ್ಥಗಳ ತಯಾರಿಕೆಗೆ ಅದು ಹೆಸರುವಾಸಿ. ಕಾರ್ಖಾನೆಯು ಸುರಿದ ಬಿಳಿಯ ಕಸದ ಗುಡ್ಡಗಳ ಮೇಲೆ ಊರಿನ ಮಕ್ಕಳು ಜಾರಿ ಆಡುತ್ತಿದ್ದರಂತೆ. ಮುಂದೆ ಸರ್ಕಾರವು ಆ ಗುಡ್ಡಗಳಿಗೆ ಮಣ್ಣು ಹೊದಿಸಿ ಭದ್ರಪಡಿಸಬೇಕಾಯಿತು. ಗುಡ್ಡವನ್ನೆಲ್ಲ ಅಗೆದು ಸಾಗಿಸಲಿಲ್ಲ, ಮುಚ್ಚಿದರು ಎಂಬುದನ್ನು ವಾಚಕರು ಗಮನಿಸಬೇಕು. ಅದರ ಅರ್ಥವು ನಮಗೆ ಆಮೇಲೆ ಹೊಳೆಯಿತು.

ಮರುದಿನ ವೈದ್ಯರನ್ನು ಕೇಳಿದೆವು. ಒಂದು ದಿನದ ಸ್ವಲ್ಪ ಧೂಳಿನಿಂದ ಕೇಡಾಗುವ ಸಂಭವವು ಬಹಳ ಕಡಮೆ, ರೋಗವು ಬಹುಮಟ್ಟಿಗೆ ವರ್ಷಗಟ್ಟಲೆ ಧೂಳು ಕುಡಿದವರ ಪಾಡು, ಎಂದು ಅವರು ಸಮಾಧಾನ ಹೇಳಿದರು. “ಹಾಗಾದರೆ ಏನೂ ಆಗುವುದಿಲ್ಲವೆಂದು ಬರೆದುಕೊಡುವಿರಾ?” ಎಂದರೆ, ಹಾಗೆ ಯಾರೂ ಬರೆದುಕೊಡಲಾರರು, ಈಗಲೇ ತಿಳಿಯುವ ಪರೀಕ್ಷೆಯೂ ಇಲ್ಲ, ಎಂದರು. ಸಾಲವಾದರೆ ತೀರಿಸಬಹುದು, ಮೂವತ್ತು ವರ್ಷಗಳ ಮೇಲೆ ಬರಬಹುದಾದ, ಬರದೆಯೂ ಇರಬಹುದಾದ ಲೆಕ್ಕವನ್ನು ತೀರಿಸುವ ಬಗೆ ಹೇಗೆ? ಮನೆಯಾಕೆ ನಮ್ಮನ್ನು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು.

ನೆರೆಯ ವೃದ್ಧರು ಹೇಳಿಕೊಟ್ಟಂತೆ ನೆಲಮಾಳಿಗೆಯ ಬಾಗಿಲನ್ನು ಮುಚ್ಚಿ, ಸಂದಿಗೆ ಅಂಟುಪಟ್ಟಿ ಹಚ್ಚಿದೆವು. ಪೊರಕೆ ಆಡಿಸಲಿಲ್ಲ. ಮನೆಯ ಕಸ ಹೀರುವ ಯಂತ್ರವನ್ನೂ ಮುಟ್ಟಲಿಲ್ಲ; ಸಾಮಾನ್ಯ ಯಂತ್ರದ ಚೀಲದಿಂದ ಈ ಎಳೆಗಳು ಸೋರಿ ಮನೆಯೆಲ್ಲ ಹರಡುತ್ತವೆ. ಮಾದರಿಯೊಂದನ್ನು ಪರೀಕ್ಷಾಲಯಕ್ಕೆ ಕೊಟ್ಟಾಗ, ನೂರರಲ್ಲಿ ನಲವತ್ತು ಪಾಲು ಬಿಳಿಯ ಕಲ್ನಾರೆಂದು ಉತ್ತರ ಬಂತು. ಆಮೇಲೆ ಪರವಾನಗಿಯುಳ್ಳ ಕೆಲಸಗಾರರನ್ನು ಕರೆಸಿದೆವು.

ಅವರ ಕೆಲಸದ ರೀತಿಯನ್ನು ನೋಡಿ ನಾವು ನಾಚಿಕೊಂಡೆವು. ಮೈತುಂಬ ಕಾಗದದಂಥ ನಿಲುವಂಗಿ, ಮುಖಕ್ಕೆ ಸೂಕ್ಷ್ಮವಾದ ಸೋಸುಕದ ಮುಖವಾಡ. ನೆಲಮಾಳಿಗೆಗೆಲ್ಲ ದಪ್ಪ ಪ್ಲಾಸ್ಟಿಕ್ಕಿನ ಪರದೆ. ಒಳಗಿನ ಗಾಳಿಯು ಮನೆಯೊಳಕ್ಕೆ ಬಾರದಂತೆ ಅದನ್ನು ಸೋಸಿ ಹೊರಕ್ಕೆ ಎಳೆಯುವ ಯಂತ್ರ. ಕೊಳವೆಯ ಒಂದೊಂದು ಭಾಗಕ್ಕೂ ಕೈಗವಸುಗಳನ್ನು ಹೊಲಿದಿಟ್ಟ ಚೀಲವೊಂದನ್ನು ತೊಡಿಸಿ, ಹೊರಗಿನಿಂದಲೇ ಆ ಗವಸಿನೊಳಕ್ಕೆ ಕೈ ತೂರಿಸಿ, ಮೊದಲು ಹೊದಿಕೆಯನ್ನು ಚೆನ್ನಾಗಿ ತೋಯಿಸಿ, ಬಳಿಕ ಕತ್ತರಿಸುತ್ತಿದ್ದರು. ತೋಯ್ದ ತುಂಡು ಚೀಲದಲ್ಲೇ ಬೀಳುವುದು. ಚೀಲವನ್ನು ತಿರುಚಿ ಕಟ್ಟಿ, ಇನ್ನೊಂದು ಚೀಲದಲ್ಲಿಟ್ಟು, ಎಚ್ಚರಿಕೆಯ ಚೀಟಿ ಹಚ್ಚಿ, ಅದಕ್ಕೆಂದೇ ಗೊತ್ತುಮಾಡಿದ ಜಾಗಕ್ಕೆ ಸಾಗಿಸುವರು. ಕಡೆಯಲ್ಲಿ ಗಾಳಿಯನ್ನು ಪರೀಕ್ಷಿಸಿ ಶುದ್ಧವೆಂದು ಕಂಡ ಮೇಲೆಯೇ ಪರದೆ ತೆಗೆದರು. ನಾವು ಕಾಲು ಗಂಟೆಯಲ್ಲಿ ಮಾಡಿದ ಕೆಲಸದ ಉಳಿದ ಭಾಗಕ್ಕೆ ಅವರಿಗೆ ಎರಡು ದಿನ ಹಿಡಿಯಿತು. ವೆಚ್ಚವು ನಾವು ಹಸುಗೂಸಿಗಾಗಿ ಕೂಡಿಟ್ಟಿದ್ದ ಹಣವನ್ನೆಲ್ಲ ನುಂಗಿತು.

ಅವರ ಮೇಸ್ತ್ರಿಯು ಹೇಳಿದ ಒಂದು ಮಾತು ಮನಸ್ಸಿನಲ್ಲಿ ನಿಂತಿದೆ. ಹೊದಿಕೆಯು ಗಟ್ಟಿಯಾಗಿದ್ದು, ಯಾರ ಕೈಗೂ ಸಿಕ್ಕದೆ ಇದ್ದರೆ ಅದನ್ನು ತೆಗೆಯದಿರುವುದೇ ಎಷ್ಟೋ ಸಲ ಲೇಸಂತೆ. ಹರಿದ ಕಡೆ ಬಟ್ಟೆ ಸುತ್ತಿ ಬಳಿಯುವುದು, ಇಲ್ಲವೆ ಮೇಲೊಂದು ಕವಚ ಕಟ್ಟುವುದು, ಇಷ್ಟೇ ಸಾಕು. ನಮ್ಮಲ್ಲಿ ಹರಿದು ಉದುರುತ್ತಿದ್ದುದರಿಂದಲೂ ನಾವು ಕೈಯಾಡಿಸಿ ಕೆಡಿಸಿದ್ದರಿಂದಲೂ ನೆಲಮಾಳಿಗೆಯದನ್ನು ತೆಗೆಯಬೇಕಾಯಿತು. ಗೋಡೆಯೊಳಗೆ ಮೇಲೇರುವ ಕೊಳವೆಗಳ ಹೊದಿಕೆಯನ್ನು ಅವರು ಮುಟ್ಟಲಿಲ್ಲ. ಗೋಡೆ ಒಡೆದು ಅದನ್ನು ಎಬ್ಬಿಸುವುದಕ್ಕಿಂತ ಅದು ಅಲ್ಲಿ ಮುಚ್ಚಿಕೊಂಡಿರುವುದೇ ಕ್ಷೇಮ. ಆಂಬ್ಲರಿನ ಗುಡ್ಡಕ್ಕೆ ಮಣ್ಣು ಹೊದಿಸಿದ್ದರ ಅರ್ಥವೂ ಇದೇ.

ಬತ್ತಲಾದ ಕೊಳವೆಗಳೊಡನೆ ನಾಲ್ಕು ದಿನ ಕಳೆದೆವು. ಹಬೆ ದಾರಿಯಲ್ಲೇ ನೀರಾಗಿ ಕೊಳವೆಗಳು ಸುತ್ತಿಗೆಯಿಂದ ಬಡಿದಂತೆ ಸದ್ದುಮಾಡತೊಡಗಿದವು. ಮೇಲಂತಸ್ತಿನ ಕೋಣೆ ಬೆಚ್ಚಗಾಗಲಿಲ್ಲ. ಹಿಂದಿನವರು ಹೊದಿಕೆ ಹಾಕಿದ್ದು ಮೂರ್ಖತನದಿಂದಲ್ಲ, ಅವರ ಕೈಗೆ ಸಿಕ್ಕಿದ ವಸ್ತುವಿನ ಗುಣವನ್ನು ಅವರು ಅರಿಯದಿದ್ದರಷ್ಟೆ. ಗಾಜಿನ ನಾರಿನ ಒಂದಂಗುಲ ದಪ್ಪದ ಹೊಸ ಹೊದಿಕೆಯನ್ನು ಹಾಕಿಸಿದ ಮೇಲೆ ಮನೆ ಮತ್ತೆ ಬೆಚ್ಚಗಾಯಿತು.

ಅತ್ತೆಯವರು ಬಂದರು. ನಡೆದುದನ್ನೆಲ್ಲ ಮಗಳಿಂದ ಕೇಳಿ, ನಮ್ಮನ್ನು ನೇರವಾಗಿ ಆಕ್ಷೇಪಿಸದೆ, “ಅಂಗಳ ಗುಡಿಸುವವರು ಕೂಡ ಮೊದಲು ನೀರು ಚಿಮುಕಿಸುತ್ತಾರಲ್ಲ, ಅಳಿಯಂದಿರೆ” ಎಂದಷ್ಟೇ ಹೇಳಿದರು. ಲಕ್ಷ ಖರ್ಚುಮಾಡಿ ನಾವು ಕಲಿತ ಪಾಠದ ಅರ್ಧವನ್ನು ನಮ್ಮ ಹೆಂಗಸರು ಪ್ರತಿದಿನ ಬೆಳಗ್ಗೆ ಬಾಗಿಲ ಮುಂದೆ ಮಾಡಿ ತೋರಿಸುತ್ತಿದ್ದಾರೆ. ಉಳಿದರ್ಧವೆಂದರೆ, ಯಾವ ಧೂಳನ್ನು ನಾವು ಎಬ್ಬಿಸಲೇಬಾರದು ಎಂಬ ತಿಳಿವಳಿಕೆ.

ಇದು ಪರದೇಶದ ಹಬೆಯ ಕೊಳವೆಯ ಕಥೆ, ನಮಗೇಕೆ, ಎಂದು ವಾಚಕರು ಎನ್ನಬಾರದು. ನಮ್ಮ ನಾಡಿನಲ್ಲಿ ಕೊಳವೆಗೆ ಹೊದಿಕೆ ಅಪರೂಪ. ಆದರೆ ಶೀಟಿನ ಮನೆ ಎಲ್ಲಿಲ್ಲ? ಅನೇಕ ಸೌದೆಮನೆ, ಕೊಟ್ಟಿಗೆ, ಬಚ್ಚಲುಮನೆಗಳ ಮೇಲಿರುವ ಬೂದುಬಣ್ಣದ ಸಿಮೆಂಟು ಶೀಟಿನೊಳಗೆ ಇರುವುದು ಇದೇ ಬಿಳಿಯ ಕಲ್ನಾರು. ಸಿಮೆಂಟು ಅದನ್ನು ಬಿಗಿಹಿಡಿದಿರುವವರೆಗೆ ಭಯಪಡಬೇಕಾದುದಿಲ್ಲ. ಗರಗಸದಿಂದ ಕೊಯ್ಯುವುದು, ರಂಧ್ರ ಕೊರೆಯುವುದು, ಒಣಗಿದ್ದಾಗ ಉಜ್ಜುವುದು, ಒಡೆದು ಚೂರುಮಾಡುವುದು, ಇವು ಸಲ್ಲವು. ಭಾರತದ ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ಕಲ್ನಾರಿನ ಕೆಲಸಗಾರರ ಆರೋಗ್ಯದ ದಾಖಲೆಯನ್ನು ಕೆಲಸ ಹಿಡಿದಂದಿನಿಂದ 40 ವರ್ಷಗಳ ಕಾಲ ಕಾಪಾಡಬೇಕೆಂದು ಆಜ್ಞಾಪಿಸಿತು. ಇಷ್ಟು ದೀರ್ಘಕಾಲ ಹೊಂಚುಹಾಕುವ ಶತ್ರು ಇದೆಂಬುದು ಅದರಿಂದಲೇ ತಿಳಿಯುತ್ತದೆ. ಆ ವಾರವೇ ನಾವು ಮೈಸೂರಿನಲ್ಲಿರುವ ತಮ್ಮನಿಗೆ ದೂರವಾಣಿಯಲ್ಲಿ ಮಾತನಾಡಿ, ಸೌದೆಮನೆಯ ಹಳೆಯ ಶೀಟುಗಳನ್ನು ಹುಡುಗರಿಂದ ಒಡೆಸಬೇಡವೆಂದು ಹೇಳಿದೆವು. “ನಾಳೆ ಭಾನುವಾರ ಒಡೆಸೋಣ ಅಂತಿದ್ದೆ, ಅಣ್ಣ” ಎಂದ.

ನೆರೆಯ ವೃದ್ಧರು 2021ರಲ್ಲಿ ತೀರಿಕೊಂಡರು. ನಮ್ಮ ಎರಡನೆಯ ಮಗು ಶಾಲೆಗೆ ಹೋಗುತ್ತಿದೆ. ನೆಲಮಾಳಿಗೆಯ ಗೋಡೆಯ ಮೇಲೆ ನಾವು ಒಂದು ಹಲಗೆಯನ್ನು ಹೊಡೆದು, ಯಾವ ಕೊಳವೆಯ ಹೊದಿಕೆಯನ್ನು ತೆಗೆದಿದೆ, ಯಾವ ಗೋಡೆಯೊಳಗೆ ಇನ್ನೂ ಇದೆ ಎಂಬುದನ್ನು ದಪ್ಪಕ್ಷರದಲ್ಲಿ ಬರೆದಿಟ್ಟಿದ್ದೇವೆ. ಮನೆಯನ್ನು ಮುಂದೆ ಯಾರು ಕೊಳ್ಳುವರೋ ತಿಳಿಯದು. ಅವರಿಗೂ ಒಂದು ಶನಿವಾರ ಕೈ ಖಾಲಿಯಿದ್ದೀತು. ಚಾಕುವೊಂದು ಕೈಗೆ ಸಿಕ್ಕೀತು. ಅಂದು ಬೇಲಿಯಾಚೆ ಕೂಗಿ ನಿಲ್ಲಿಸುವವರು ಇರುವರೆಂಬ ಭರವಸೆಯೇನು?